ಯಾವುದು ತಿರುಗಬೇಕು, ಯಾವುದು ನಿಲ್ಲಬೇಕು

ಹಳೆಯ ಟ್ರ್ಯಾಕ್ಟರಿಗೆ ಚಾಸಿಸ್ ಇಲ್ಲ. ಲಾರಿಯಲ್ಲೋ ಜೀಪಿನಲ್ಲೋ ಉದ್ದಕ್ಕೆ ಎರಡು ಉಕ್ಕಿನ ತೊಲೆ ಹಾಸಿ ಅದರ ಮೇಲೆ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಕೂರಿಸಿರುತ್ತಾರೆ. ಟ್ರ್ಯಾಕ್ಟರಿನಲ್ಲಿ ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸು, ಅದರ ಬೆನ್ನಿಗೆ ಹಿಂದಿನ ಆಕ್ಸಲ್ಲು. ಈ ಎರಕದ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಬಿಗಿದರೆ ಅದೇ ಗಾಡಿಯ ಬೆನ್ನೆಲುಬು. 1917ರಲ್ಲಿ ಹೆನ್ರಿ ಫೋರ್ಡ್ ಹೊರತಂದ ಫೋರ್ಡ್‌ಸನ್ ಈ ಪದ್ಧತಿಯನ್ನು ಲಕ್ಷಗಟ್ಟಲೆ ಹೊಲಗಳಿಗೆ ತಲುಪಿಸಿತು. ಕಬ್ಬಿಣ ಉಳಿಯಿತು, ಟ್ರ್ಯಾಕ್ಟರು ಅಗ್ಗವಾಯಿತು. ಆ ಉಳಿತಾಯದ ಬಾಕಿಯನ್ನು ರೈತ ತೀರಿಸುವುದು ಕ್ಲಚ್ ಕೆಟ್ಟ ದಿನ.

ಏಕೆಂದರೆ ಕ್ಲಚ್ ಕೂತಿರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿಯಲ್ಲಿ. ಅಲ್ಲಿರುವ ಒಂದು ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಇಡೀ ಟ್ರ್ಯಾಕ್ಟರನ್ನು ಸೊಂಟದಲ್ಲಿ ಎರಡು ಹೋಳು ಮಾಡಬೇಕು. ಬಾನೆಟ್ ಇಳಿಸಿ, ವೈರು, ಡೀಸೆಲ್ ಪೈಪು, ಸ್ಟೀರಿಂಗಿನ ಕಡ್ಡಿಗಳನ್ನೆಲ್ಲ ಕಳಚಿ, ಎರಡೂ ಭಾಗಕ್ಕೆ ಬೇರೆಬೇರೆ ಆನಿಕೆ ಕೊಟ್ಟು, ಸುತ್ತಲ ಬೋಲ್ಟ್ ಬಿಚ್ಚಿ, ಹಿಂಭಾಗವನ್ನು ನಿಧಾನವಾಗಿ ಹಿಂದಕ್ಕೆ ಉರುಳಿಸಬೇಕು. ಅದಕ್ಕೂ ಮೊದಲು ಮುಂದಿನ ಆಕ್ಸಲ್ಲಿಗೂ ಅದರ ಮೇಲಿನ ಎರಕಕ್ಕೂ ನಡುವೆ ಎರಡು ಬದಿ ಮರದ ಬೆಣೆ ಹೊಡೆಯುವುದನ್ನು ಯಾವ ಒಳ್ಳೆಯ ಮೇಸ್ತ್ರಿಯೂ ಮರೆಯುವುದಿಲ್ಲ. ಮುಂದಿನ ಆಕ್ಸಲ್ಲು ನಡುವಿನ ಒಂದೇ ಪಿನ್ನಿನ ಮೇಲೆ ಓಲಾಡುವಂಥದ್ದು; ಹಿಂಭಾಗದ ಆಸರೆ ತಪ್ಪಿದ ಕ್ಷಣ ಎಂಜಿನ್ನು ಪಕ್ಕಕ್ಕೆ ಮಗುಚಿಕೊಳ್ಳಬಹುದು.

ಇಷ್ಟೆಲ್ಲ ಮಾಡಿ ಬಿಚ್ಚಿ ನೋಡಿದಾಗ ಕ್ಲಚ್ ಪ್ಲೇಟು ಚೆನ್ನಾಗಿದ್ದು, ತೊಂದರೆ ಇದ್ದದ್ದು ಪೆಡಲಿನ ಸವೆದ ಪಿನ್ನಿನಲ್ಲಿ ಎಂದು ತಿಳಿದರೆ? ಹಾಗೆ ಬಿಚ್ಚಿಸಿಕೊಂಡ ಟ್ರ್ಯಾಕ್ಟರುಗಳು ಕಡಿಮೆಯೇನಿಲ್ಲ. ಆದ್ದರಿಂದಲೇ ಕ್ಲಚ್ಚಿನ ರೋಗವನ್ನು ಹೊರಗಿನಿಂದಲೇ ಪತ್ತೆ ಹಚ್ಚುವುದು ಒಂದು ವಿದ್ಯೆಯಾಗಿ ಬೆಳೆದಿದೆ. ಅದರ ಹಿಂದಿರುವುದು ಒಂದೇ ಪ್ರಶ್ನೆ: ಕಾಲು ಈಗ ಇರುವ ಜಾಗದಲ್ಲಿ ಒಳಗೆ ಯಾವುದು ತಿರುಗುತ್ತಿರಬೇಕು, ಯಾವುದು ನಿಂತಿರಬೇಕು?

ಒಳಗಿನ ಸಂಸಾರ ಚಿಕ್ಕದು. ಎಂಜಿನ್ನಿನ ಕ್ರ್ಯಾಂಕಿಗೆ ಬಿಗಿದ ಭಾರವಾದ ಫ್ಲೈವೀಲ್. ಅದರ ಮುಖಕ್ಕೆ ಒತ್ತಿಕೊಂಡ ಕ್ಲಚ್ ಪ್ಲೇಟು. ಪ್ಲೇಟಿನ ಎರಡೂ ಮುಖಕ್ಕೆ ಲೈನಿಂಗ್ ಹಚ್ಚಿ ರಿವೆಟ್ ಹೊಡೆದಿರುತ್ತಾರೆ. ಪ್ಲೇಟಿನ ನಡುವಿನ ಹಬ್ಬಿನ ಹಲ್ಲುಗಳೊಳಗೆ ಗೇರ್‌ಬಾಕ್ಸಿನ ಶಾಫ್ಟು ತೂರಿರುತ್ತದೆ. ಹಿಂದಿನಿಂದ ಒತ್ತುವ ಪ್ರೆಶರ್ ಪ್ಲೇಟು, ಅದರ ಹಿಂದೆ ಸ್ಪ್ರಿಂಗುಗಳು. ಪೆಡಲ್ ತುಳಿದರೆ ರಿಲೀಸ್ ಬೇರಿಂಗು ಮುಂದೆ ಬಂದು ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ, ಸ್ಪ್ರಿಂಗಿನ ಹಿಡಿತ ಸಡಿಲುತ್ತದೆ. ಶಾಫ್ಟಿನ ತುದಿಗೆ ಆಸರೆಯಾಗಿ ಫ್ಲೈವೀಲಿನ ನಡುವೆ ಇನ್ನೊಂದು ಪುಟ್ಟ ಬೇರಿಂಗ್ ಇದೆ. ಪೈಲಟ್ ಬೇರಿಂಗ್ ಎನ್ನುವ ಇದನ್ನು ಎಲ್ಲರೂ ಮರೆಯುತ್ತಾರೆ.

ಉದಾಹರಣೆಗೆ ನಮ್ಮಲ್ಲಿ ಬಳಕೆಯಲ್ಲಿರುವ ಕೆಂಪು ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರನ್ನೇ ತೆಗೆದುಕೊಳ್ಳೋಣ. ಅದರ ಪೂರ್ವಜ, ಹ್ಯಾರಿ ಫರ್ಗ್ಯುಸನ್‌ನ ಬೂದು ಬಣ್ಣದ ಟಿಇ20 ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾಯಿತು. ಅದರ ಜಾಗಕ್ಕೆ ಬಂದದ್ದು 35 ಎಂಬ ಮಾದರಿ. 1953ರಲ್ಲಿ ಫರ್ಗ್ಯುಸನ್ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿದ್ದರಿಂದ ಮುಂದೆ ಅದು ಮ್ಯಾಸಿ ಫರ್ಗ್ಯುಸನ್ 35 ಆಯಿತು. 1960ರಲ್ಲಿ ಮದರಾಸಿನಲ್ಲಿ ಟ್ಯಾಫೆ ಕಂಪನಿ ಹುಟ್ಟಿ, ಇದೇ ವಂಶದ ಟ್ರ್ಯಾಕ್ಟರುಗಳನ್ನು ನಮ್ಮಲ್ಲೇ ಕಟ್ಟತೊಡಗಿತು. ಅದರ 1035 ಮಾದರಿ ಇಂದಿಗೂ ನಮ್ಮ ಹಳ್ಳಿಗಳಲ್ಲಿ ಬಾಡಿಗೆಗೆ ದುಡಿಯುತ್ತಿದೆ.

ಇದರ ಮೂರು ಸಿಲಿಂಡರಿನ ಎಂಜಿನ್ನಿನ ಶಕ್ತಿ ಸುಮಾರು 35 ಅಶ್ವಶಕ್ತಿ, ಎಂದರೆ 26 ಕಿಲೋವ್ಯಾಟ್. ನಿಮಿಷಕ್ಕೆ 2000 ಸುತ್ತಿನಲ್ಲಿ ಇದು 125 ನ್ಯೂಟನ್-ಮೀಟರ್‌ನಷ್ಟು ತಿರುಚು ಬಲವಾಗುತ್ತದೆ. ವೇಗ ತಗ್ಗಿದಾಗ ಇನ್ನೂ ಸ್ವಲ್ಪ ಹೆಚ್ಚು. ಅಷ್ಟನ್ನೂ ದಾಟಿಸಬೇಕಾದದ್ದು ಹನ್ನೊಂದು ಇಂಚಿನ ಒಂದು ತಟ್ಟೆ. ಅದೂ ಹಲ್ಲಿಲ್ಲದೆ, ಬೋಲ್ಟಿಲ್ಲದೆ, ಬರೀ ಉಜ್ಜುವಿಕೆಯಿಂದ.

ಉಜ್ಜುವಿಕೆಯ ನಿಯಮಗಳನ್ನು 1699ರಲ್ಲಿ ಫ್ರಾನ್ಸಿನ ಅಮೊಂಟೋನ್ ಬರೆದಿಟ್ಟ, 1785ರಲ್ಲಿ ಕುಲಂಬ್ ಮತ್ತಷ್ಟು ಪರೀಕ್ಷಿಸಿ ಗಟ್ಟಿ ಮಾಡಿದ. ಅವುಗಳಲ್ಲಿ ಒಂದು ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ: ಘರ್ಷಣೆಯ ಬಲ ನಿಂತಿರುವುದು ಎಷ್ಟು ಒತ್ತುತ್ತೇವೆ ಎಂಬುದರ ಮೇಲೆ, ತಾಗುವ ಜಾಗ ಎಷ್ಟು ಅಗಲ ಎಂಬುದರ ಮೇಲಲ್ಲ. ಹಾಗಾದರೆ ಪ್ಲೇಟು ಅಷ್ಟು ದೊಡ್ಡದೇಕೆ? ವ್ಯಾಸ ಹೆಚ್ಚಿದಷ್ಟೂ ಅದೇ ಬಲಕ್ಕೆ ಸನ್ನೆಯ ಉದ್ದ ಸಿಗುತ್ತದೆ ಎಂಬುದು ಒಂದು ಕಾರಣ. ಸವೆತವೂ ಶಾಖವೂ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತವೆ ಎಂಬುದು ಇನ್ನೊಂದು.

ಲೆಕ್ಕ ಹಾಕಿ ನೋಡಬಹುದು. ಒಣ ಲೈನಿಂಗಿನ ಘರ್ಷಣಾಂಕ ಸುಮಾರು 0.3. ಲೈನಿಂಗಿನ ನಡುವಿನ ತ್ರಿಜ್ಯ 11 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಉಜ್ಜುವ ಮುಖ ಎರಡು. ಸ್ಪ್ರಿಂಗುಗಳೆಲ್ಲ ಸೇರಿ 460 ಕಿಲೋ ಭಾರದಷ್ಟು ಒತ್ತಿದರೆ ಕ್ಲಚ್ ಹಿಡಿಯುವ ತಾಕತ್ತು 300 ನ್ಯೂಟನ್-ಮೀಟರ್. ಎಂಜಿನ್ ಕೊಡುವುದರ ಸುಮಾರು ಎರಡು ಪಟ್ಟು. ಈ ಉಳಿಕೆ ದುಂದಲ್ಲ, ಲೈನಿಂಗ್ ಸವೆದು ಸ್ಪ್ರಿಂಗ್ ಸೊರಗಿದ ಮೇಲೂ ಕೆಲಸ ನಡೆಯಲೆಂದು ಬಿಟ್ಟಿರುವುದು. ಈಗ ಆ ಲೈನಿಂಗಿಗೆ ಎಣ್ಣೆ ಸೋಕಲಿ. ಘರ್ಷಣಾಂಕ 0.1ರ ಹತ್ತಿರಕ್ಕೆ ಬೀಳುತ್ತದೆ, ಕ್ಲಚ್ಚಿನ ತಾಕತ್ತು 100ಕ್ಕೆ. ಎಂಜಿನ್ನಿನದು 125. ಪ್ಲೇಟು ಹೊಸದೇ ಇರಲಿ, ಸ್ಪ್ರಿಂಗ್ ಗಟ್ಟಿಯೇ ಇರಲಿ, ಇನ್ನು ಅದು ಜಾರಲೇಬೇಕು.

ಕ್ಲಚ್ಚಿನ ದೂರುಗಳಲ್ಲಿ ಮೊದಲನೆಯದು ಈ ಜಾರಿಕೆ. ತಿರುಗಬೇಕಾದಾಗ ಪ್ಲೇಟು ಫ್ಲೈವೀಲಿನ ಜೊತೆ ತಿರುಗುತ್ತಿಲ್ಲ. ರೈತರ ಮಾತಿನಲ್ಲಿ ಹೇಳಿದರೆ ‘ಕ್ಲಚ್ ಹಿಡೀತಿಲ್ಲ’. ಬಹಳ ಸಲ ಈ ದೂರಿನ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ‘ಹೊಲದಲ್ಲಿ ಚೆನ್ನಾಗೇ ಎಳೆಯುತ್ತೆ, ರೋಡಲ್ಲಿ ಕಬ್ಬಿನ ಲೋಡ್ ಹಾಕ್ಕೊಂಡು ದಿಣ್ಣೆ ಏರೋವಾಗ ಮಾತ್ರ ಆಗಲ್ಲ’. ಕೇಳಿದವರಿಗೆ ಇದು ವಿಚಿತ್ರ. ನೇಗಿಲಿಗಿಂತ ಟ್ರೇಲರ್ ಭಾರವೇ? ಉತ್ತರ ಗೇರಿನಲ್ಲಿದೆ. ಕೆಳಗಿನ ಗೇರಿನಲ್ಲಿ ಚಕ್ರದ ಬಳಿಯ ಪ್ರತಿರೋಧ ಕ್ಲಚ್ಚನ್ನು ತಲುಪುವ ಹೊತ್ತಿಗೆ ಗೇರಿನ ಅನುಪಾತದಷ್ಟು ಭಾಗಿಸಿ ಚಿಕ್ಕದಾಗಿರುತ್ತದೆ. ಅಲ್ಲಿ ಕ್ಲಚ್ ಜಾರುವ ಮೊದಲೇ ಟೈರು ಮಣ್ಣಿನಲ್ಲಿ ಜಾರಿಬಿಡುತ್ತದೆ. ಮೇಲಿನ ಗೇರಿನಲ್ಲಿ ಆ ಭಾಗಾಕಾರ ಚಿಕ್ಕದು, ಹೊರೆ ನೇರವಾಗಿ ಪ್ಲೇಟಿನ ಮೇಲೆ ಬೀಳುತ್ತದೆ. ಆದ್ದರಿಂದ ಸಾಯತೊಡಗಿದ ಕ್ಲಚ್ ತನ್ನ ಸುದ್ದಿಯನ್ನು ಮೊದಲು ಹೇಳುವುದು ರಸ್ತೆಯಲ್ಲೇ.

ಇಲ್ಲಿ ಮೋಸ ಹೋಗುವ ದಾರಿಗಳು ಎರಡು. ದಿಣ್ಣೆ ಏರುವಾಗ ಗಾಡಿ ನಿಧಾನವಾಯಿತು ಎಂಬಷ್ಟೇ ಮಾಹಿತಿ ಸಾಲದು, ಎಂಜಿನ್ನಿನ ಸದ್ದು ಆಗ ಏನಾಯಿತು ಎಂದು ಕೇಳಬೇಕು. ಗಾಡಿಯೂ ಎಂಜಿನ್ನೂ ಜೊತೆಯಾಗಿ ಉಸಿರು ಬಿಟ್ಟರೆ ಕ್ಲಚ್ ನಿರಪರಾಧಿ. ಡೀಸೆಲ್ ಫಿಲ್ಟರೋ ಇಂಜೆಕ್ಟರೋ ನೋಡಿಕೊಳ್ಳಿ. ಗಾಡಿ ನಿಧಾನವಾಗುತ್ತ ಎಂಜಿನ್ ಮಾತ್ರ ಹಗುರಾಗಿ ಓಡಿದರೆ ನಡುವೆ ಏನೋ ಬಿಟ್ಟಿದೆ. ಆಗಲೂ ಹಿಂದಿನ ಚಕ್ರ ನೋಡಬೇಕು. ಚಕ್ರ ಸುತ್ತುತ್ತಿದ್ದರೆ ಜಾರಿದ್ದು ಟೈರು. ಚಕ್ರ ನಿಂತು ಎಂಜಿನ್ ಓಡಿದರೆ ಮಾತ್ರ ಕ್ಲಚ್.

ಖಚಿತ ಮಾಡಿಕೊಳ್ಳಲು ಹಳೆಯ ಪರೀಕ್ಷೆಯೊಂದಿದೆ. ಬಯಲಿನಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಎರಡೂ ಬ್ರೇಕ್ ಒಟ್ಟಿಗೆ ಬಿಗಿಯಾಗಿ ತುಳಿದು, ಹೈ ರೇಂಜಿನ ಮೇಲಿನ ಗೇರ್ ಹಾಕಿ, ಅರ್ಧ ಥ್ರಾಟಲ್ಲಿನಲ್ಲಿ ಕ್ಲಚ್ಚನ್ನು ಸಮವಾಗಿ ಬಿಡಬೇಕು. ಆರೋಗ್ಯವಂತ ಕ್ಲಚ್ ಆದರೆ ಎಂಜಿನ್ ಒಂದೆರಡು ಸೆಕೆಂಡಿನಲ್ಲಿ ಗುದ್ದಿ ನಿಲ್ಲುತ್ತದೆ. ಏನೂ ಆಗದವರಂತೆ ಓಡುತ್ತಲೇ ಇದ್ದರೆ ರೋಗ ಖಾತ್ರಿ. ಕೂಡಲೇ ಪೆಡಲ್ ತುಳಿದುಬಿಡಿ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ ನೆರೆಮನೆಯವರಿಗೆ ತೋರಿಸುವ ಉತ್ಸಾಹ ಬೇಡ, ಯಾಕೆಂದರೆ ಜಾರುವ ಕ್ಲಚ್ ಸುಡುವ ವೇಗ ನಂಬಲಾಗದ್ದು. 26 ಕಿಲೋವ್ಯಾಟಿನಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರ ಜಾರಿಕೆಯಲ್ಲಿ ಕಳೆದರೂ 2.6 ಕಿಲೋವ್ಯಾಟ್, ಎಂದರೆ ಎರಡೂವರೆ ಇಸ್ತ್ರಿಪೆಟ್ಟಿಗೆಗಳನ್ನು ಆ ಮುಚ್ಚಿದ ಪೆಟ್ಟಿಗೆಯೊಳಗೆ ಹಚ್ಚಿಟ್ಟಷ್ಟು ಶಾಖ. ಅರ್ಧ ಫ್ಲೈವೀಲಿಗೆ, ಅರ್ಧ ಪ್ರೆಶರ್ ಪ್ಲೇಟಿಗೆ. ಪ್ರೆಶರ್ ಪ್ಲೇಟು ಆರು ಕಿಲೋ ಎರಕ ಎಂದು ಹಿಡಿದರೆ, ಶಾಖ ಹೊರಹೋಗದಿದ್ದಲ್ಲಿ, ನಿಮಿಷಕ್ಕೆ 28 ಡಿಗ್ರಿಯಂತೆ ಕಾಯುತ್ತದೆ. ಹತ್ತು ನಿಮಿಷದ ರಸ್ತೆಗೆ 280. ಆ ಬಿಸಿಗೆ ಲೈನಿಂಗಿನ ಅಂಟು ಕೆಡತೊಡಗುತ್ತದೆ, ಮೂಗಿಗೆ ಸುಟ್ಟ ವಾಸನೆ ಬಡಿಯುತ್ತದೆ, ಘರ್ಷಣಾಂಕ ಇನ್ನೂ ಇಳಿಯುತ್ತದೆ, ಜಾರಿಕೆ ಇನ್ನೂ ಏರುತ್ತದೆ. ನಿನ್ನೆವರೆಗೆ ಸುಮಾರಾಗಿ ನಡೆದ ಕ್ಲಚ್ ಇವತ್ತು ಒಂದೇ ಲೋಡಿಗೆ ಮಲಗುವುದು ಹೀಗೆ.

ಜಾರುತ್ತಿದೆ ಎಂದು ಗೊತ್ತಾದ ಮೇಲೂ ಬಿಚ್ಚಲು ಓಡಬೇಕಿಲ್ಲ. ಮೊದಲು ಕೈಯಿಂದ ಪೆಡಲನ್ನು ಮೆಲ್ಲಗೆ ಒತ್ತಿ ನೋಡಬೇಕು. ಗಟ್ಟಿಯಾಗುವ ಮೊದಲು ಅದು 20ರಿಂದ 25 ಮಿಲಿಮೀಟರಿನಷ್ಟು ಸಡಿಲವಾಗಿ ಆಡಬೇಕು. ಅದೇ ಫ್ರೀ ಪ್ಲೇ. ಸರಿಯಾದ ಅಳತೆ ಆಯಾ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ. ಪ್ಲೇಟು ಸವೆದಂತೆ ಈ ಆಟ ಹೆಚ್ಚಾಗುತ್ತದೆಂದು ಊಹಿಸುವವರೇ ಬಹಳ ಮಂದಿ. ಆಗುವುದು ತದ್ವಿರುದ್ಧ. ಲೈನಿಂಗ್ ತೆಳುವಾದಷ್ಟೂ ಪ್ರೆಶರ್ ಪ್ಲೇಟು ಫ್ಲೈವೀಲಿನತ್ತ ಮುಂದೆ ಸರಿಯುತ್ತದೆ. ಬೆರಳುಗಳು ಸನ್ನೆಯಂತೆ ನಡುವೆ ಆನಿಕೊಂಡಿರುವುದರಿಂದ ಅವುಗಳ ಒಳತುದಿ ಹಿಂದಕ್ಕೆ, ರಿಲೀಸ್ ಬೇರಿಂಗಿನತ್ತ ಬರುತ್ತದೆ. ಅಂತರ ಮುಚ್ಚುತ್ತ ಹೋಗಿ ಕೊನೆಗೆ ಬೇರಿಂಗು ಬೆರಳುಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ. ಆಗ ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ ಒಂದಿಷ್ಟು ತುಳಿದಂತೆಯೇ. ಜಾರುವ ಕ್ಲಚ್ಚಿನಲ್ಲಿ ಫ್ರೀ ಪ್ಲೇ ಇಲ್ಲವಾಗಿದ್ದರೆ, ಕಡ್ಡಿಯ ಒಂದು ನಟ್ಟು ತಿರುಗಿಸಿ ಸರಿಪಡಿಸಿದರೆ ಹಲವು ಸಲ ರೋಗ ಅಲ್ಲಿಗೇ ಗುಣ, ಲೈನಿಂಗ್ ಇನ್ನೂ ಉಳಿದಿದ್ದರೆ. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಡ್ರೈವರೂ ಇದೇ ಹಾನಿಯನ್ನು ಕಾಲಿನಿಂದ ಮಾಡುತ್ತಿರುತ್ತಾನೆ. ಬಾಡಿಗೆಗೆ ಬಿಟ್ಟ ಟ್ರ್ಯಾಕ್ಟರುಗಳ ಕ್ಲಚ್ ಬೇಗ ಹೋಗುವುದಕ್ಕೆ ನನ್ನ ಅಂದಾಜಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಫ್ರೀ ಪ್ಲೇ ಸರಿಯಿದ್ದೂ ಜಾರಿದರೆ ಕೆಳಗೆ ಬಗ್ಗಿ ನೋಡಬೇಕು. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಕೆಲವು ಹಳೆಯ ಮಾದರಿಗಳಲ್ಲಿ ಅದರೊಳಗೆ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ತೂಗಾಡುತ್ತಿರುತ್ತದೆ. ಕಳಚಿ ಬಿದ್ದದ್ದೇನೋ ಎಂದು ಕಿತ್ತು ಬಿಸಾಡುವವರಿದ್ದಾರೆ. ಎಂಜಿನ್ನಿನ ಅದುರಿಗೆ ಅಲ್ಲಾಡುತ್ತ ತೂತು ಕಟ್ಟದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ತಾಗಿಸಿ ನೋಡಿ. ಕಾಡಿಗೆಯಂತೆ ಕಪ್ಪಾಗಿದ್ದರೆ ಅದು ಡೀಸೆಲ್ ಎಂಜಿನ್ನಿನ ಎಣ್ಣೆ, ಕ್ರ್ಯಾಂಕಿನ ಹಿಂದಿನ ಸೀಲ್ ಸೋತಿದೆ. ತಿಳಿಯಾಗಿದ್ದರೆ, ಇಲ್ಲವೇ ಗಂಧಕದ ಘಾಟು ಹೊಡೆದರೆ, ಗೇರ್‌ಬಾಕ್ಸಿನ ಎಣ್ಣೆ, ಅದರ ಮುಂದಿನ ಸೀಲ್ ಹೋಗಿದೆ. ಹೀಗೆ ಬಿಚ್ಚುವ ಮೊದಲೇ ಯಾವ ಸೀಲ್ ತರಬೇಕೆಂದು ಗೊತ್ತಾಗುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಜಿಪುಣತನ ಕೈ ಕೊಡುತ್ತದೆ. ಲೈನಿಂಗಿನ ರಂಧ್ರಗಳೊಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ.

ಎರಡನೆಯ ದೂರು ಇದರ ಉಲ್ಟಾ. ನಿಲ್ಲಬೇಕಾದಾಗ ಪ್ಲೇಟು ನಿಲ್ಲುತ್ತಿಲ್ಲ: ‘ಕ್ಲಚ್ ಬಿಡ್ತಿಲ್ಲ, ಗೇರ್ ಕರ್ರ್ ಅನ್ನುತ್ತೆ’. ಇಲ್ಲೂ ಅವಸರ ಕೂಡದು. ಹಳೆಯ ಟ್ರ್ಯಾಕ್ಟರುಗಳ ಗೇರುಗಳು ಕಾರಿನವುಗಳಂತೆ ವೇಗ ಹೊಂದಿಸಿಕೊಂಡು ಕೂಡುವುದಿಲ್ಲ. ಕ್ಲಚ್ ತುಳಿದ ಮೇಲೂ ಪ್ಲೇಟು ಮತ್ತು ಶಾಫ್ಟು ತಮ್ಮ ವೇಗದಲ್ಲೇ ಕೆಲ ಕ್ಷಣ ಸುತ್ತುತ್ತಿರುತ್ತವೆ. ತುಳಿದು, ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಚೆನ್ನಾಗಿದೆ, ಕಡಿಮೆ ಇದ್ದದ್ದು ತಾಳ್ಮೆಯಷ್ಟೇ. ಹತ್ತು ಎಣಿಸಿದ ಮೇಲೂ ಅರಚಿದರೆ ಶಾಫ್ಟನ್ನು ಯಾವುದೋ ಒಂದು ತಿರುಗಿಸುತ್ತಲೇ ಇದೆ.

ತಿರುಗಿಸುವವರು ಯಾರು ಯಾರಿರಬಹುದು? ಹೊರಗಿನಿಂದ ಶುರುಮಾಡಬೇಕು. ಪೆಡಲಿನ ಪಿನ್ನುಗಳು, ಅವು ಕೂತ ತೂತುಗಳು, ಕಡ್ಡಿಯ ಕೀಲುಗಳು ಸವೆದು ಅಂಡಾಕಾರವಾಗಿದ್ದರೆ ಕಾಲಿನ ಚಲನೆಯ ಅರ್ಧ ಅಲ್ಲೇ ಕರಗುತ್ತದೆ, ಬೇರಿಂಗು ಬೆರಳುಗಳನ್ನು ಪೂರ್ತಿ ಒತ್ತುವುದೇ ಇಲ್ಲ. ಇದನ್ನು ನೋಡದೆ ಫ್ರೀ ಪ್ಲೇ ತೆಗೆದು ಬಿಗಿ ಮಾಡಿದರೆ ಗೇರು ಸಲೀಸಾಗಿ ಬೀಳುತ್ತದೆ, ತಿಂಗಳೊಳಗೆ ಕ್ಲಚ್ ಜಾರತೊಡಗುತ್ತದೆ. ಬಿಡುವುದಿಲ್ಲ ಎಂಬ ರೋಗಕ್ಕೆ ಕೊಟ್ಟ ಔಷಧ ಹಿಡಿಯುವುದಿಲ್ಲ ಎಂಬ ರೋಗವಾಗುತ್ತದೆ. ಕೀಲುಗಳೆಲ್ಲ ಗಟ್ಟಿಯಿದ್ದರೆ ಅನುಮಾನ ಒಳಕ್ಕೆ ಹೋಗುತ್ತದೆ: ಬಾಗಿದ ಪ್ಲೇಟು, ತುಕ್ಕು ಹಿಡಿದು ಶಾಫ್ಟಿನ ಹಲ್ಲುಗಳ ಮೇಲೆ ಸರಿಯದ ಹಬ್ಬು, ಸಮ ಎತ್ತರದಲ್ಲಿಲ್ಲದ ಬೆರಳುಗಳು, ಕಚ್ಚಿಕೊಂಡ ಪೈಲಟ್ ಬೇರಿಂಗು. ಈ ಕೊನೆಯದರ ಆಟ ವಿಚಿತ್ರ. ಪ್ಲೇಟು ಪೂರ್ತಿ ಬಿಡುಗಡೆಯಾಗಿದ್ದರೂ ಫ್ಲೈವೀಲು ಆ ಪುಟ್ಟ ಬೇರಿಂಗಿನ ಮೂಲಕವೇ ಶಾಫ್ಟನ್ನು ಎಳೆದುಕೊಂಡು ಸುತ್ತುತ್ತದೆ.

ಭತ್ತದ ನಾಡಿನಲ್ಲಿ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಗಂಗಾವತಿ, ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಕೇಜ್‌ವೀಲ್ ಹಾಕಿ ಕೆಸರು ಗದ್ದೆಗೆ ಇಳಿದ ಟ್ರ್ಯಾಕ್ಟರಿನ ಹೊಟ್ಟೆಯವರೆಗೆ ರಾಡಿ ಇರುತ್ತದೆ. ತಳದ ಆ ತೂತಿನಿಂದಲೇ ನೀರು ಒಳನುಗ್ಗಬಹುದು. ಕೆಸರಿಗೆ ಇಳಿಯುವಾಗ ಅದಕ್ಕೆ ಪ್ಲಗ್ ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚಿ ಒಳಗಿನದನ್ನು ಸುರಿಯಬೇಕು. ಪ್ಲಗ್ಗನ್ನು ಹಾಗೇ ಮರೆತರೆ ಒಳಗೆ ಬಂದ ನೀರಿಗೂ ಎಣ್ಣೆಗೂ ಹೊರದಾರಿಯಿಲ್ಲ. ನಾಟಿ ಮುಗಿದು ತಿಂಗಳುಗಟ್ಟಲೆ ಚಪ್ಪರದಡಿ ನಿಂತ ಟ್ರ್ಯಾಕ್ಟರಿನಲ್ಲಿ ಲೈನಿಂಗು ಫ್ಲೈವೀಲಿಗೆ ತುಕ್ಕಿನ ಅಂಟಿನಿಂದ ಮೆತ್ತಿಕೊಂಡಿರುತ್ತದೆ. ಪೆಡಲ್ ಸರಾಗ, ಫ್ರೀ ಪ್ಲೇ ಸರಿ, ಆದರೂ ಗೇರು ಬೀಳುವುದಿಲ್ಲ. ದೀರ್ಘಕಾಲ ನಿಲ್ಲಿಸುವಾಗ ಪೆಡಲನ್ನು ತುಳಿದ ಸ್ಥಿತಿಯಲ್ಲೇ ಒಂದು ಮರದ ತುಂಡು ಕೊಟ್ಟು ಆನಿಸಿಡುವ ಪದ್ಧತಿ ಹುಟ್ಟಿದ್ದು ಇದಕ್ಕಾಗಿ. ಮೆತ್ತಿಕೊಂಡದ್ದನ್ನು ಬಿಡಿಸಲು ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡುವ ಸಾಹಸವನ್ನು ಹಲವರು ಮಾಡುತ್ತಾರೆ. ಕ್ಲಚ್ ಇಲ್ಲದ ಟ್ರ್ಯಾಕ್ಟರು ಹೊರಟರೆ ನಿಲ್ಲಿಸುವುದು ಹೇಗೆ ಎಂದು ಮೊದಲೇ ಯೋಚಿಸದವರು ಅದಕ್ಕೆ ಕೈಹಾಕಬಾರದು.

ಸದ್ದಿನ ವಿಷಯಕ್ಕೆ ಬಂದರೆ ನಮ್ಮ ಪ್ರಶ್ನೆ ಇನ್ನೂ ಸೊಗಸಾಗಿ ಕೆಲಸ ಮಾಡುತ್ತದೆ. ನ್ಯೂಟ್ರಲ್, ಕಾಲು ಪೆಡಲಿನ ಮೇಲಿಲ್ಲ: ರಿಲೀಸ್ ಬೇರಿಂಗ್ ನಿಂತಿದೆ, ಗೇರ್‌ಬಾಕ್ಸಿನ ಶಾಫ್ಟು ಸುತ್ತುತ್ತಿದೆ. ಈಗ ಸದ್ದಿದ್ದು ಪೆಡಲ್ ತುಳಿದು ಸ್ವಲ್ಪ ಹೊತ್ತಿಗೆ ಅಡಗಿದರೆ ಅಪರಾಧಿ ಗೇರ್‌ಬಾಕ್ಸಿನೊಳಗೆ, ಶಾಫ್ಟಿನ ಬೇರಿಂಗಿನಲ್ಲಿದ್ದಾನೆ. ಸದ್ದಿಲ್ಲದ ಎಂಜಿನ್ನು, ಪೆಡಲನ್ನು ಆಟ ಮುಗಿಯುವಷ್ಟೇ ಒತ್ತಿದ ಕೂಡಲೇ ಕಿರಿಚಿದರೆ ಈಗ ತಾನೇ ತಿರುಗತೊಡಗಿದವನು ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ಕೆಳಗಿದ್ದು, ಗೇರ್ ಹಾಕಿ, ಗಾಡಿ ನಿಂತಿರುವಾಗ ಮಾತ್ರ ಸದ್ದು ಬಂದರೆ ಪೈಲಟ್ ಬೇರಿಂಗ್. ಫ್ಲೈವೀಲು ಸುತ್ತುತ್ತ ಶಾಫ್ಟು ನಿಂತಾಗಲಷ್ಟೇ ಅದಕ್ಕೆ ಕೆಲಸ.

ಮ್ಯಾಸಿ 35ರಲ್ಲಿ ಎರಡು ಹಂತದ ಕ್ಲಚ್ ಇರುವ ಮಾದರಿಗಳೂ ಇವೆ. ಪೆಡಲನ್ನು ಅರ್ಧ ತುಳಿದರೆ ಚಕ್ರ ನಿಲ್ಲುತ್ತದೆ, ಪೂರ್ತಿ ತುಳಿದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟೂ ನಿಲ್ಲುತ್ತದೆ. ಪತ್ತೆದಾರನಿಗೆ ಇದು ವರದಾನ. ರೋಟವೇಟರ್ ಜೋರಾಗಿ ಸುತ್ತುತ್ತಿದ್ದು ಟ್ರ್ಯಾಕ್ಟರ್ ಮಾತ್ರ ಮುಂದೆ ಹೋಗದಿದ್ದರೆ ದೊಡ್ಡ ಪ್ಲೇಟಿನ ತೊಂದರೆ, ಟ್ರ್ಯಾಕ್ಟರ್ ಎಳೆಯುತ್ತ ರೋಟವೇಟರ್ ಸೊರಗಿದರೆ ಚಿಕ್ಕ ಪ್ಲೇಟಿನದು. ಒಂದೇ ಹಂತದ ಹಳೆಯ ಟ್ರ್ಯಾಕ್ಟರುಗಳಲ್ಲಿ ಮಾತ್ರ ಒಂದು ಅಪಾಯಕಾರಿ ಭ್ರಮೆ ಕಾದಿರುತ್ತದೆ. ಟಿಇ20ರಂಥವುಗಳಲ್ಲಿ ಪಿಟಿಒ ಶಾಫ್ಟು ಗೇರ್‌ಬಾಕ್ಸಿಗೇ ಕಟ್ಟಿಕೊಂಡಿರುತ್ತದೆ. ಭಾರವಾದ ಬ್ಲೇಡ್ ಸುತ್ತುವ ಯಂತ್ರ ಹಿಂದಿದ್ದಾಗ ಕ್ಲಚ್ ತುಳಿದರೂ ಗಾಡಿ ನಿಲ್ಲದೆ ಬದುವಿನತ್ತ ನುಗ್ಗುತ್ತದೆ. ಕ್ಲಚ್ ಕೆಟ್ಟಿತೆಂದು ಬಿಚ್ಚಿದರೆ ಒಳಗೆ ಎಲ್ಲವೂ ಸರಿ. ಗಾಡಿಯನ್ನು ತಳ್ಳಿದ್ದು ಎಂಜಿನ್ನಲ್ಲ, ಸುತ್ತುತ್ತಿದ್ದ ಬ್ಲೇಡಿನ ಭಾರ. ಅದರ ಆವೇಗ ಪಿಟಿಒ ಮೂಲಕ ಹಿಮ್ಮುಖವಾಗಿ ಗೇರ್‌ಬಾಕ್ಸಿಗೆ, ಅಲ್ಲಿಂದ ಚಕ್ರಕ್ಕೆ ಬಂದಿರುತ್ತದೆ. ಒಂದೇ ದಿಕ್ಕಿಗೆ ಬಲ ದಾಟಿಸುವ ಜೋಡಣೆಯೊಂದನ್ನು ಪಿಟಿಒ ಶಾಫ್ಟಿಗೆ ಹಾಕಿದರೆ ಈ ನೂಕಾಟ ನಿಲ್ಲುತ್ತದೆ.

ಇಷ್ಟಾದ ಮೇಲೂ ಬಿಚ್ಚಲೇಬೇಕೆಂದು ತೀರ್ಮಾನವಾದರೆ ಬಿಚ್ಚಬೇಕು. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರಿಟನ್ ಅದನ್ನು 1999ರಲ್ಲಿ ನಿಷೇಧಿಸಿತು, ನಮ್ಮ ಹಳೆಯ ಟ್ರ್ಯಾಕ್ಟರುಗಳೊಳಗೆ ಅದು ಎಷ್ಟೋ ಕಡೆ ಹಾಗೇ ಕೂತಿದೆ. ಏರ್ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಫ್ಲೈವೀಲಿನ ಮುಖದ ಮೇಲೆ ನೀಲಿ ಮಚ್ಚೆಗಳಿದ್ದರೆ ಅದು ಜಾರಿಕೆಯ ಶಾಖದ ಗುರುತು. ಗೀರುಗಳಿದ್ದರೆ ರಿವೆಟ್ಟಿನ ತಲೆ ತಾಗಿದೆ. ಪ್ಲೇಟಿನ ಒಂದು ಮುಖ ಮಾತ್ರ ಸವೆದಿದ್ದರೆ ಹಬ್ಬು ಶಾಫ್ಟಿನ ಮೇಲೆ ಸರಿಯುತ್ತಿರಲಿಲ್ಲ ಎಂದು ಅನುಮಾನಿಸಿ ಹಲ್ಲುಗಳನ್ನು ನೋಡಬೇಕು. ಪ್ಲೇಟಿಗೆಂದು ಬಿಚ್ಚಿದವರು ಎರಡು ಬೇರಿಂಗು, ಎರಡು ಸೀಲುಗಳನ್ನೂ ಬದಲಿಸಿಯೇ ಮುಚ್ಚುವುದು ಮೇಲು. ಅವುಗಳ ಬೆಲೆ ಇನ್ನೊಮ್ಮೆ ಹೋಳು ಮಾಡುವ ಕೂಲಿಗಿಂತ ಕಡಿಮೆ.

ಮತ್ತೆ ಕೂಡಿಸುವಾಗ ಪ್ಲೇಟನ್ನು ಫ್ಲೈವೀಲಿನ ನಟ್ಟನಡುವೆ ನಿಲ್ಲಿಸಲು ಹಳೆಯ ಶಾಫ್ಟಿನ ತುಂಡೊಂದನ್ನು ತೂರಿಸಿಕೊಳ್ಳುತ್ತಾರೆ. ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗೆಂದು ಆಗಲೇ ಗುರುತು ನೋಡಿಕೊಳ್ಳಬೇಕು, ತಿರುಗಾಮುರುಗಾ ಕೂತರೆ ಹಬ್ಬು ಫ್ಲೈವೀಲಿನ ಬೋಲ್ಟುಗಳಿಗೆ ತಾಗಬಹುದು. ಶಾಫ್ಟಿನ ಹಲ್ಲುಗಳು ಒಮ್ಮೆಗೇ ಕೂಡುವುದಿಲ್ಲ. ಆಗ ಹಿಂಭಾಗವನ್ನು ಹಾಗೇ ಬಿಟ್ಟು ಚಹಾಕ್ಕೆ ಹೋದರೆ, ಅಥವಾ ಬೋಲ್ಟ್ ಬಿಗಿದು ಬಲವಂತವಾಗಿ ಎಳೆದರೆ, ಗೇರ್‌ಬಾಕ್ಸಿನ ಭಾರವೆಲ್ಲ ಶಾಫ್ಟಿನ ಮೂಲಕ ಪ್ಲೇಟಿನ ಹಬ್ಬಿನ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಪ್ಲೇಟು ಮೊದಲ ದಿನವೇ ‘ಬಿಡ್ತಿಲ್ಲ’ ಎಂಬ ದೂರು ಹೊತ್ತು ನಿಲ್ಲುತ್ತದೆ. ಫ್ಲೈವೀಲನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಹಲ್ಲುಗಳು ತಾವಾಗಿ ಹೊಂದಿಕೊಳ್ಳುತ್ತವೆ, ಎರಡು ಎರಕಗಳ ನಡುವಿನ ಸಂದಿ ಬೋಲ್ಟ್ ಮುಟ್ಟುವ ಮೊದಲೇ ಮುಚ್ಚುತ್ತದೆ.